ಹೂ ಬಿಟ್ಟ ಮಾಕಳಿ

"ಕಳ್ ಮುಂಡೆ, ಗಂಡ ಬೇರು ಕೀಳ್ವಾಗ ನೀನು ವಾಸ್ನೆ ಕುಡೀತಾ ಕೂತಿದ್ಯಾ?"

ಅರಣ್ಯಾಧಿಕಾರಿ ಶಾಂತರಾಜು ಟೀ ಹೀರುತ್ತಲೇ ಬೈದರು. ಶಿವಮ್ಮ ಕಚೇರಿಯ ಮೆಟ್ಟಿಲ ಕೆಳಗೆ ನಿಂತಿದ್ದಳು. ಕಿಟಕಿಯ ಕಂಬಿಯಾಚೆ ಅವಳ ಗಂಡ ಮಾದಸ್ವಾಮಿ. ಹನೂರಿನಾಚೆಯ ಕಾಡಿನಲ್ಲಿ ಮಾಕಳಿ ಬೇರು ಅಗೆಯುವಾಗ ಸಿಕ್ಕಿಬಿದ್ದಿದ್ದ.

"ಮಧುವನಹಳ್ಳಿ ಕೆಂಪನಂಜಪ್ಪೋರೇ ಕೇಳಿದ್ರು ಸಾ, ಉಪ್ಪಿನಕಾಯ್ಗೆ..."

"ದೊಡ್ಡೋರ ಎಸ್ರು ಎತ್ಬೇಡ. ನಮ್ಮ ಇಲಾಖೆ ಅಪರೂಪದ ಗಿಡಗಳ ತೋಟದ ಓಪನಿಂಗ್‌ಗೆ ನಾಳೆ ಅವ್ರೇ ಗೆಸ್ಟು. ಗಂಡ ಬೇಕಾ? ಒಂದು ಮಾಕಳಿ ಬಳ್ಳಿ ತಕಂಡ್ ಬಾ. ಹೂ ಇರ್ಬೇಕು, ಬೇರು ಪೂರ್ತಿ ಇರ್ಬೇಕು. ಫಂಕ್ಷನ್ ಮುಗುದ್ ಕೂಡ್ಲೆ ಬುಡ್ತೀನಿ."

"ಕಾಡಿಂದ ಕಿತ್ರೆ ಕೇಸಲ್ವಾ ಸಾ?"

"ನಾನ್ ಯೋಳುದ್ರೆ ಸಂರಕ್ಷಣೆ ಕಣಮ್ಮಿ."

ಶಿವಮ್ಮನ ಪೋಡಿನ, ಆ ಕಾಡುಹಟ್ಟಿಯ, ಸೋಲಿಗರು ಮಾಕಳಿಯ ತಾಯಿಬೇರು ಮುಟ್ಟುವುದಿಲ್ಲ. ಪಕ್ಕದ ಬೇರುಗಳನ್ನಷ್ಟೇ ಕೊಯ್ದು, ಮಣ್ಣು ಮುಚ್ಚಿ ಬರುತ್ತಾರೆ. ಬಿಸಿಲಿಗೆ ಕಾದ ಬಂಡೆಸಂದಿಯಲ್ಲಿ ಶಿವಮ್ಮ ಮೊದಲ ಸಲ ತಾಯಿಬೇರಿನ ಬುಡಕ್ಕೇ ಹಾರೆ ಹಾಕಿದಳು. ಘಮ್ಮೆಂದಿತು. ಮುಖ ತಿರುಗಿಸಿಕೊಂಡು ಬಳ್ಳಿಯನ್ನು ಇಡಿಯಾಗಿ ಎತ್ತಿದಳು.

ಮರುದಿನ ಶಾಮಿಯಾನದ ಪಕ್ಕ ಕೆಂಪನಂಜಪ್ಪ ಬಳ್ಳಿ ನೆಟ್ಟರು, ಬಾಟಲಿ ನೀರಿನಲ್ಲಿ ಕೈ ತೊಳೆದರು, ಮೈಕು ಹಿಡಿದರು.

"ಮಾಕಳಿ ಉಪ್ಪಿನಕಾಯಿ ಇಲ್ದೆ ನಮ್ಮನೇಲಿ ಊಟವೇ ಇಲ್ಲ. ಇಂಥ ಸಂಪತ್ತನ್ನ ಕಳ್ಳರಿಂದ ಕಾಪಾಡ್ಬೇಕು!"

ಚಪ್ಪಾಳೆ ನಿಂತ ಮೇಲೆ ಶಿವಮ್ಮ ಶಾಂತರಾಜುವಿನ ಎದುರು ಹೋದಳು. "ನಮ್ಮೋನ್ನ ಬುಡ್ತೀರಾ ಸಾ?"

"ಬೆಳಗ್ಗೇನೇ ಕೊಳ್ಳೇಗಾಲದ ಕೋರ್ಟಿಗೆ ಕಳ್ಸಾಯ್ತಲ್ಲ. ಉಂಡ್ಕಂಡ್ ಓಗು, ಪಾಯ್ಸ ಅದೆ."

ಶಿವಮ್ಮ ಊಟದ ಕಡೆ ತಿರುಗಲಿಲ್ಲ. ನೇರ ಹೋಗಿ ಗುಂಡಿಯ ಹಸಿಮಣ್ಣು ಬಗೆದಳು. ಬಳ್ಳಿಯನ್ನು ಬೇರುಸಮೇತ ಎತ್ತಿ, ಸೆರಗಿನಲ್ಲಿ ಸುತ್ತಿಕೊಂಡು ಕಾಡಿನ ಕಡೆ ಹೊರಟಳು.

ಗಾರ್ಡ್ ಕುಮಾರಸ್ವಾಮಿ ಹಿಂದೆ ಓಡಿದ. "ಲೇ ಶಿವಮ್ಮಿ, ನಿಂತ್ಕಳೇ! ಕೇಸಾಕ್ತೀನಿ!"

"ಆಕ್ಲಾ. ಕಾಡಿನ ಬಳ್ಳಿಯ ಕಾಡಿಗೇ ಕದ್ಕಂಡೋಯ್ತಾವ್ಳೆ ಅಂತ ಬರ್ಕೊ."

ಗಾರ್ಡ್ ನಿಂತು, ತಿರುಗಿ ಸಾಹೇಬರ ಮುಖ ನೋಡಿದ. ಸಾಹೇಬರು ಕೆಂಪನಂಜಪ್ಪನವರ ಮುಖ ನೋಡಿದರು. ಅವರು ಆಗಲೇ ಎಲೆಯ ಮುಂದೆ ಕೂತಿದ್ದರು.

ಕಿತ್ತ ತಾಯಿಬೇರು ಮತ್ತೆ ನೆಲ ಹಿಡಿದದ್ದನ್ನು ಪೋಡಿನಲ್ಲಿ ಯಾರೂ ಕಂಡಿರಲಿಲ್ಲ. ಶಿವಮ್ಮ ಕಾಡಂಚಿನ ಆನೆ ಕಂದಕಕ್ಕೆ ಇಳಿದಳು, ಮಣ್ಣು ಉದುರದಂತೆ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಆಚೆ ದಡ ಹತ್ತಿದಳು.