ಹಕ್ಕಿ ಸಾಹೇಬರ ಫೋಟೋ

ಊರವರು ನನ್ನನ್ನು ಕರೆಯುವುದು 'ಹಕ್ಕಿ ಸಾಹೇಬ್ರು' ಎಂದು. ಕಾಗೆ, ಕೋಗಿಲೆ ಬಿಟ್ಟರೆ ಮೂರನೆಯ ಹಕ್ಕಿಯ ಗುರುತು ನನಗೆ ಹತ್ತುವುದಿಲ್ಲ ಎಂಬುದು ಹೆಂಡತಿಗೆ ಮಾತ್ರ ಗೊತ್ತು. ಆದರೂ ಕಾಡುಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಮಾರುವುದನ್ನು ನಿಲ್ಲಿಸಿ ಎಂದು ಹದಿನೆಂಟು ವರ್ಷ ಸದನದಲ್ಲಿ ಗಂಟಲು ಹರಿದುಕೊಂಡವನು ನಾನೇ. ಅದು ನಾಟಕವಲ್ಲ. ರೆಕ್ಕೆ ಕಟ್ಟಿ ಬುಟ್ಟಿಗೆ ತುಂಬಿದ ಹಕ್ಕಿಗಳನ್ನು ಮಾರುಕಟ್ಟೆಯಲ್ಲಿ ಕಂಡಾಗಲೆಲ್ಲ ನಿಜವಾಗಿ ಕರುಳು ಚುರ್ ಎನ್ನುತ್ತಿತ್ತು.

ಕೊನೆಗೂ ನನ್ನ ಮಸೂದೆ ಮತಕ್ಕೆ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಮತದಾನ. ನನ್ನನ್ನೂ ಸೇರಿಸಿದರೆ ನಮ್ಮ ಕಡೆ ಒಂದೇ ಒಂದು ತಲೆ ಹೆಚ್ಚು. ಸಮ ಬಂದರೆ ಮಸೂದೆ ಬಿದ್ದಂತೆ. ತಿಂಗಳಿಂದ ಶೆಡ್ಡಿನಲ್ಲೇ ನಿಂತಿದ್ದ ಕಾರು ತೆಗೆದು ಒಂಬತ್ತೂವರೆಗೇ ಹೊರಟೆವು. ಬೀದಿಯ ತಿರುವಿನಲ್ಲಿ ಡ್ರೈವರ್ ಏನೋ ಸದ್ದು ಕೇಳಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ಬ್ಯಾಟರಿಯ ಪಕ್ಕ ಒಂದು ಗೂಡು, ಅದರಲ್ಲಿ ಬಾಯಿ ತೆರೆದ ಮೂರು ಮರಿ.

"ನೀವು ಟ್ಯಾಕ್ಸಿ ಹತ್ತಿ ಹೋಗಿ ಸಾರ್. ಇದನ್ನ ನಾನು ಶೆಡ್ಡಲ್ಲಿ ಇಟ್ಟು ಬರ್ತೀನಿ. ತಾಯಿ ಅಲ್ಲೇ ಹುಡುಕ್ತಿರುತ್ತೆ."

ತಲೆ ನೆಟ್ಟಗಿದ್ದವನು ಹಾಗೇ ಮಾಡುತ್ತಿದ್ದ. ನನ್ನ ಕಣ್ಣ ಮುಂದೆ ಮಾತ್ರ ಮರುದಿನದ ಪತ್ರಿಕೆ ಬಂದು ನಿಂತಿತು: ಗೆದ್ದ ಮಸೂದೆ, ಪಕ್ಕದಲ್ಲೇ ಗೂಡು ಹಿಡಿದ ನಾನು. ಮನೆಗೆ ಮರಳಿ ಫೋಟೋಗ್ರಾಫರ್‌ಗೆ ಫೋನು ಮಾಡಿದೆ. "ಹತ್ತೇ ನಿಮಿಷ, ಬಂದೆ ಸಾರ್," ಎಂದ. ಆ ಹತ್ತು ನಿಮಿಷ ಎಂಥದ್ದೆಂದು ನನಗೆ ಗೊತ್ತಿರಬೇಕಿತ್ತು. ಮತದಾರರಿಗೆ ನಾನು ಕೊಡುತ್ತಿದ್ದುದೂ ಅದನ್ನೇ.

ಅಂತೂ ಬಂದ. ಶೆಡ್ಡಿನಲ್ಲಿ ಬೆಳಕು ಸಾಲದು, ಗೇಟಿನ ಹತ್ತಿರ ಬನ್ನಿ ಎಂದ. ಕತ್ತು ಬಗ್ಗಿಸಿ, ಮರಿಗಳನ್ನು ಸ್ವಲ್ಪ ಪ್ರೀತಿಯಿಂದ ನೋಡಿ ಎಂದ. ನೋಡಿದೆ.

"ರೀ, ಟೈಮ್ ಎಷ್ಟಾಯ್ತು ಗೊತ್ತಾ?" ಬಾಗಿಲಿನಿಂದ ಹೆಂಡತಿ ಕೂಗಿದಳು.

"ಇನ್ನೊಂದೇ ಒಂದು," ಎಂದೆ.

ಸದನ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡೂ ಕಡೆ ಸಮಸಮ. ಖಾಲಿಯಿದ್ದ ಕುರ್ಚಿ ನನ್ನದೊಂದೇ.

ಮೂರು ಜೀವ ಉಳಿಸಲು ಹೋಗಿ ತಡವಾಯಿತು ಎಂದು ಹೇಳಿಕೆ ಕೊಟ್ಟೆ. ಜನ ಕಣ್ಣೊರೆಸಿಕೊಂಡರು. ಭಾನುವಾರ ಮಾರುಕಟ್ಟೆಯಲ್ಲಿ ಬುಟ್ಟಿಗಳು ಎಂದಿನಂತೆ ತುಂಬಿದ್ದವು. ಅಲ್ಲಿ ಒಬ್ಬಾತ ನನಗೆ ಕೈಮುಗಿದಾಗ ನಾಚಿಕೆಯಿಂದ ಭೂಮಿಗಿಳಿದುಹೋದೆ.

ಅಭಿಮಾನಿಗಳು ದೊಡ್ಡದು ಮಾಡಿಸಿ ಕೊಟ್ಟ ಫೋಟೋವನ್ನು ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು.

"ವಾಚು ಚೆನ್ನಾಗಿ ಬಂದಿದೆ," ಎಂದಳು.

ಗೂಡು ಹಿಡಿದ ಕೈಯಲ್ಲಿ ಹನ್ನೊಂದಕ್ಕೆ ಐದು ನಿಮಿಷವಿತ್ತು.

ಫೋಟೋ ಎತ್ತಿಕೊಂಡು ಫ್ರೇಮ್ ಹಾಕುವವನ ಅಂಗಡಿಗೆ ಓಡಿದೆ. "ವಾಚು ಕಾಣದ ಹಾಗೆ ಕೆಳಗೆ ಕತ್ತರಿಸಿಬಿಡಪ್ಪ," ಎಂದೆ.

ಅವನು ಸ್ಕೇಲು ಇಟ್ಟು ನೋಡಿದ. "ಹಕ್ಕಿಮರಿಗಳೂ ಹೋಗ್ತವಲ್ಲ ಸಾರ್. ಬರೀ ನೀವೊಬ್ರೇ ಉಳೀತೀರಿ."