ಸದ್ದು ಮಾಡುವ ಟ್ರಾಕ್ಟರು

ಬೆಳಿಗ್ಗೆ ಎಂಟಕ್ಕೆಲ್ಲ ಗೌರಕ್ಕ ಟ್ರಾಕ್ಟರಿನ ಬಾನೆಟ್ಟು ಎತ್ತಿ ನಿಂತಿದ್ದಳು. ಮಧ್ಯಾಹ್ನ ಕಲ್ಯಾಣದುರ್ಗದ ರಾಮಲಿಂಗಯ್ಯ ಎಂಬಾತ ಬಂದು ಅದನ್ನು ಗುಜರಿಗೆ ಒಯ್ಯುವವನಿದ್ದ. ಮಾರುವವನು ಅವಳ ಒಡಹುಟ್ಟಿದ ಅಣ್ಣ ವೆಂಕಟರಾಯಪ್ಪ. ಗಂಡನ ಮನೆ ಒಗ್ಗದೆ ತವರಿಗೆ ಬಂದು, ಅಪ್ಪ ಸತ್ತ ಮೇಲೆ ಹದಿಮೂರು ವರ್ಷ ಆ ಟ್ರಾಕ್ಟರು ಓಡಿಸಿ, ಪರಿಗಿ ಊರ ಸುತ್ತಲ ಹೊಲಗಳನ್ನೆಲ್ಲ ಉತ್ತವಳು ಗೌರಕ್ಕ. ಮಾರುವಾಗ ಮಾತ್ರ ಅವನು ಯಜಮಾನ! ಇದು ಯಾವ ಊರ ನ್ಯಾಯ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಟ್ರಾಕ್ಟರಿಗೆ ಎರಡು ತಿಂಗಳಿಂದ ಒಂದು ರೋಗ. ತಣ್ಣಗಿರುವಾಗ ಚೆನ್ನಾಗಿಯೇ ಶುರುವಾಗುತ್ತಿತ್ತು. ನಾಲ್ಕು ಸಾಲು ಉತ್ತು ಇಂಜಿನ್ ಕಾದರೆ ಸಾಕು, ದಮ್ಮು ಸಾಲದೆ ನಿಂತುಬಿಡುತ್ತಿತ್ತು. ಆರುವವರೆಗೆ ಮತ್ತೆ ಏಳುತ್ತಿರಲಿಲ್ಲ. ಹಿಂದೂಪುರದ ಮೆಕ್ಯಾನಿಕ್ ಆಂಜಿನಪ್ಪ ಬಂದು ನೋಡಿ, "ಬೋರು ಹೋಗೈತೆ ಕಣಣ್ಣ, ಇದಿನ್ನು ಗುಜರಿಗೇ" ಎಂದು ತೀರ್ಪು ಕೊಟ್ಟಿದ್ದ.

ಗೌರಕ್ಕ ಒಪ್ಪಲಿಲ್ಲ. ಬೋರು, ಅಂದರೆ ಸಿಲಿಂಡರಿನ ಒಳಮೈ, ಸವೆದ ಇಂಜಿನ್ ನೀಲಿ ಹೊಗೆ ಉಗುಳುತ್ತದೆ, ಆಯಿಲ್ ಕುಡಿಯುತ್ತದೆ, ಚಳಿಯ ಬೆಳಿಗ್ಗೆ ಏಳಲು ಒದ್ದಾಡುತ್ತದೆ. ಇದು ಅದ್ಯಾವುದನ್ನೂ ಮಾಡುತ್ತಿರಲಿಲ್ಲ. ರೋಗ ಶುರುವಾದದ್ದು ಆಂಜಿನಪ್ಪ ಟ್ಯಾಪೆಟ್ ಬಿಗಿ ಮಾಡಿಹೋದ ಮೇಲೆ ಎಂಬುದೂ ಅವಳಿಗೆ ನೆನಪಿತ್ತು.

ಆ ಸೀಮೆಯ ಗಂಡಸರಿಗೆ ಸದ್ದಿಲ್ಲದ ಇಂಜಿನ್ನೇ ಒಳ್ಳೆಯ ಇಂಜಿನ್. ರೊದ್ದಂನಿಂದ ಬಂದ ಬೀಗರ ಮುಂದೆ ಟ್ರಾಕ್ಟರು ಟಕಟಕ ಅಂದದ್ದಕ್ಕೆ ವೆಂಕಟರಾಯಪ್ಪನಿಗೆ ಮಾನ ಹೋದಂತಾಗಿ, ಸದ್ದು ನಿಲ್ಲಿಸೆಂದು ಆಂಜಿನಪ್ಪನನ್ನು ಕರೆಸಿದ್ದ. ಟ್ಯಾಪೆಟ್ಟಿನಲ್ಲಿ, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ, ಕೂದಲೆಳೆಯಷ್ಟು ಸಂದು ಇರಬೇಕು. ಆ ಪುಣ್ಯಾತ್ಮ ಅದನ್ನೂ ಉಳಿಸದೆ ತಿರುಪು ಬಿಗಿದು, ಸದ್ದು ನಿಲ್ಲಿಸಿ, ಕಾಫಿ ಕುಡಿದು ಹೋಗಿದ್ದ. ಕಾದ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಇಂಜಿನ್ನಿನ ದಮ್ಮೆಲ್ಲ ಅಲ್ಲೇ ಸೋರಿಹೋಗುತ್ತದೆ. ಇದನ್ನು ಅಪ್ಪ ಮಕ್ಕಳಿಬ್ಬರಿಗೂ ಕಲಿಸಿದ್ದ. ಆದರೆ ಅಣ್ಣನಿಗೆ ಕೈಗೆ ಗ್ರೀಸು ಅಂಟಿದರೆ ಆಗುತ್ತಿರಲಿಲ್ಲ.

ಸಂದು ಅಳೆಯುವ ಗೇಜನ್ನು ಅವಳು ಹಿಂದಿನ ದಿನವೇ ಹಿಂದೂಪುರದಿಂದ ತಂದಿದ್ದಳು. "ಯಾರಿಗಮ್ಮಾ? ಬೇಕಾದವ್ರನ್ನೇ ಕಳ್ಸು" ಎಂದಿದ್ದ ಅಂಗಡಿಯವನು. "ಬೇಕಾದವ್ರೇ ಬಂದವ್ರೆ, ಕೊಡಪ್ಪ" ಎಂದಿದ್ದಳು.

ಟ್ಯಾಪೆಟ್ ಕವರ್ ಬಿಚ್ಚಿ, ಮುಂದೆ ಹ್ಯಾಂಡಲ್ ಹಾಕಿ ಇಂಜಿನ್ನನ್ನು ಮೆಲ್ಲಗೆ ತಿರುಗಿಸಿದಳು. ಮೊದಲ ಸಿಲಿಂಡರಿನ ವಾಲ್ವುಗಳೆರಡೂ ಮುಚ್ಚಿರಬೇಕಾದ ಜಾಗಕ್ಕೆ ತಂದು, ರಾಕರನ್ನು ಬೆರಳಿನಿಂದ ಅಲುಗಿಸಿ ನೋಡಿದಳು. ಅಲುಗಲಿಲ್ಲ. ಆಂಜಿನಪ್ಪನನ್ನು ಮನಸಾರೆ ಬೈದು, ನಟ್ಟು ಸಡಿಲಿಸಿ, ತಿರುಪನ್ನು ಹಿಂದಕ್ಕೆ ತಿರುಗಿಸಿ, ಗೇಜಿನ ತೆಳ್ಳನೆಯ ತಗಡು ಸ್ವಲ್ಪ ಹಿಡಿದು ಜಾರುವಷ್ಟು ಸಂದು ಬಿಟ್ಟು ನಟ್ಟು ಬಿಗಿದಳು. ಬಿಗಿಯುವಾಗ ತಿರುಪೂ ಜೊತೆಗೆ ತಿರುಗಿ ಸಂದು ಮುಚ್ಚಿಹೋಯಿತು. ಮತ್ತೆ ಬಿಚ್ಚಿ, ಈ ಸಲ ತಿರುಪನ್ನು ಸ್ಕ್ರೂಡ್ರೈವರಿನಿಂದ ಅದುಮಿ ಹಿಡಿದು ಬಿಗಿದಳು. ಎರಡು ಸಿಲಿಂಡರು, ನಾಲ್ಕು ವಾಲ್ವು ಮುಗಿಯುವಷ್ಟರಲ್ಲಿ ಹನ್ನೊಂದಾಯಿತು.

ಆಮೇಲೆ ನೇಗಿಲು ಕಟ್ಟಿ ಮನೆ ಪಕ್ಕದ ಹೊಲವನ್ನು ಎರಡು ಗಂಟೆ ಬಿಡದೆ ಉತ್ತಳು. ಟ್ರಾಕ್ಟರು ಟಕಟಕ ಅನ್ನುತ್ತ ಓಡಿತು, ಎಲ್ಲೂ ನಿಲ್ಲಲಿಲ್ಲ. ಅವಳು ಅಂಗಳಕ್ಕೆ ತಿರುಗಿ ಬರುವ ಹೊತ್ತಿಗೆ ರಾಮಲಿಂಗಯ್ಯ ಬಂದಿದ್ದ, ಜೊತೆಗೆ ಆಂಜಿನಪ್ಪನೂ ಇದ್ದ.

"ಮತ್ತೆ ಸದ್ದು ಬಂತಲ್ಲೇ!" ಎಂದ ವೆಂಕಟರಾಯಪ್ಪ.

"ಇರ್ಬೇಕಾದ ಸದ್ದು ಕಣಣ್ಣ."

"ಕಾದೈತೆ ಈಗ. ನಿಲ್ಸಿ ಮತ್ತೆ ಎಬ್ಸು ನೋಡಾನ ಗೌರಕ್ಕ" ಎಂದು ಆಂಜಿನಪ್ಪ ನಕ್ಕ.

ಅವಳು ನಿಲ್ಲಿಸಿದಳು. ಮತ್ತೆ ಎಬ್ಬಿಸಿದಳು. ಒಂದೇ ಏಟಿಗೆ ಎದ್ದಿತು. ಆಂಜಿನಪ್ಪನ ನಗು ಹಾಗೇ ಉಳಿದು, ಅವನು ತನ್ನ ಚಪ್ಪಲಿಯ ಕಡೆ ನೋಡತೊಡಗಿದ. ಗೌರಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು.

ಅಣ್ಣನಿಗೆ ಅವಳಿಗಿಂತ ಹೆಚ್ಚು ಖುಷಿಯಾಗಿತ್ತು. "ನೋಡಿದ್ರಾ ಸ್ವಾಮಿ, ಓಡೋ ಗಾಡಿ! ಇನ್ನು ಗುಜರಿ ರೇಟಿಗೆ ಕೊಡಕ್ಕಾಗಲ್ಲ" ಎಂದು ರಾಮಲಿಂಗಯ್ಯನ ಕಡೆ ತಿರುಗಿದ. ರಾಮಲಿಂಗಯ್ಯನ ಮುಖವೂ ಅರಳಿತು. "ದಿಗಮ್ಮಾ, ನಾನೊಂದ್ಸಲ ಓಡಿಸಿ ನೋಡ್ತೀನಿ" ಎಂದು ತೆಲುಗು ಬೆರೆಸಿ ಹೇಳಿ, ಅವಳು ಇಳಿಯಲಿ ಎಂಬಂತೆ ಕೈ ಚಾಚಿದ.

ಗೌರಕ್ಕನಿಗೆ ಆಗ ಹೊಳೆಯಿತು. ಉಳಿಸಿಕೊಳ್ಳಲೆಂದು ರಿಪೇರಿ ಮಾಡಿದವಳು, ಮಾರುವವನಿಗೆ ಲಾಭ ಮಾಡಿಕೊಟ್ಟಿದ್ದಳು. ದುಃಖ ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಉಳಿಯಿತು.

"ನಾನ್ ಇಳಿಯಲ್ಲ" ಎಂದಳು.

"ಏನಂದೆ?"

"ಮನೆ ನೀನ್ ಇಸ್ಕೊಂಡೆ, ಬಾವಿ ಇಸ್ಕೊಂಡೆ, ನಾನು ತುಟಿ ಬಿಚ್ಚಲಿಲ್ಲ. ಅಪ್ಪನ ಆಸ್ತೀಲಿ ನಾನ್ ಕೇಳಿದ್ದು ಇದೊಂದೇ. ನಾನು ಕುಂತಿರೋ ಗಂಟ ಇದು ಯಾರ್ಗೂ ಇಲ್ಲ. ದಾರಿ ಬಿಡು, ಪಾಪಕ್ಕನ ಹೊಲಕ್ಕೆ ಹೋಗ್ಬೇಕು."

ವೆಂಕಟರಾಯಪ್ಪ ಹೋಗಿ ಅಂಗಳದ ಗೇಟಿಗೆ ಅಡ್ಡ ನಿಂತ. ಹೊರಗೆ ಹೋಗಲು ಇದ್ದದ್ದು ಅದೊಂದೇ ದಾರಿ. "ನನ್ ಮೇಲೆ ಹತ್ತಿಸ್ಕೊಂಡ್ ಹೋಗು ನೋಡಾನ!"

"ಹತ್ತಿಸಲ್ಲ. ಇಂಜಿನ್ ನಿಲ್ಸೋದೂ ಇಲ್ಲ. ಟ್ಯಾಂಕ್ ತುಂಬ ಡೀಸೆಲ್ ಐತೆ, ನೀನ್ ನಿಂತ್ಕೋ" ಎಂದು ಗೌರಕ್ಕ ಸೆರಗು ತಲೆಗೆ ಹಾಕಿಕೊಂಡು ಸೀಟಿನಲ್ಲಿ ಗಟ್ಟಿಯಾಗಿ ಕುಳಿತಳು.

ಎರಡು ಗಂಟೆಯಾಯಿತು, ಮೂರಾಯಿತು. ಟ್ರಾಕ್ಟರು ಒಂದೇ ಸಮ ಟಕಟಕ ಅನ್ನುತ್ತಿತ್ತು. ಪಕ್ಕದ ಮನೆಯ ಪಾಪಕ್ಕ ಗೋಡೆಯ ಮೇಲೆ ಮೊಣಕೈ ಊರಿ, ಕಡ್ಲೆಕಾಯಿ ಸುಲಿಯುತ್ತ ನೋಡತೊಡಗಿದಳು. ಮೂರೂವರೆಗೆ ರಾಮಲಿಂಗಯ್ಯ, ಮನೆ ಪಂಚಾಯ್ತಿ ಮುಗಿದ ಮೇಲೆ ಹೇಳಿಕಳಿಸಿ ಎಂದು ತೆಲುಗಿನಲ್ಲಿ ಹೇಳಿ, ಅಡ್ಡ ನಿಂತವನ ಪಕ್ಕದಲ್ಲೇ ನುಸುಳಿ ಬಸ್ಸಿಗೆ ಹೋದ. ಆಂಜಿನಪ್ಪ ಯಾವಾಗ ಹೋದನೋ ಯಾರೂ ನೋಡಲಿಲ್ಲ.

ವೆಂಕಟರಾಯಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮೊದಲು ಒಂದು ಕಾಲಿನ ಮೇಲೆ ಭಾರ ಹಾಕಿದ, ಆಮೇಲೆ ಇನ್ನೊಂದರ ಮೇಲೆ. ಗೇಟಿನ ಪಕ್ಕದಲ್ಲೇ ಬೇವಿನ ಮರದ ನೆರಳಿತ್ತು. ಅತ್ತ ಅರ್ಧ ಹೆಜ್ಜೆ ಸರಿದ. ತಂಗಿ ನೋಡಲಿಲ್ಲವೆಂದುಕೊಂಡು ಇನ್ನೆರಡು ಹೆಜ್ಜೆ ಸರಿದು, ಟವೆಲಿನಿಂದ ಮುಖ ಒರೆಸಿಕೊಂಡ.

ಗೌರಕ್ಕ ಗೇರು ಹಾಕಿದಳು. ಟ್ರಾಕ್ಟರು ಗೇಟು ದಾಟಿ ರಸ್ತೆಗೆ ಬಂದ ಮೇಲೆ ಕತ್ತು ತಿರುಗಿಸಿ, ಇಂಜಿನ್ನಿಗಿಂತ ಗಟ್ಟಿಯಾಗಿ ಕೂಗಿದಳು:

"ನಾಳಿಕ್ಕೂ ಯಾರ್ನಾದ್ರೂ ಕರ್ಕೊಂಡ್ ಬಾ ಕಣಣ್ಣ! ನಾನಿಲ್ಲೇ ಕುಂತಿರ್ತೀನಿ!"