ಚುಕ್ಕಿ ಗೆರೆಯ ರಸ್ತೆ

ನಗರ ಯೋಜನಾ ಕಚೇರಿಯ ನಕ್ಷೆಗಾರನಿಗೂ ಅವನ ಅಕ್ಕನಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಇವನದು ಹಳೇ ಬಡಾವಣೆಯ ಕೊನೆಯ ಮನೆ, ಅವಳದು ಹೊಸ ಬಡಾವಣೆಯ ಕೊನೆಯ ಮನೆ. ಹಳಬರು ತಮ್ಮ ಬೀದಿಯಲ್ಲಿ ಓಡಾಡಬಾರದೆಂದು ಹೊಸಬರು ಆಳೆತ್ತರ ಗೋಡೆ ಎಬ್ಬಿಸಿ, ಮೇಲೆ ಮುಳ್ಳುತಂತಿ ಸುತ್ತಿಸಿದ್ದರು. ರಸ್ತೆ ಹಿಡಿದು ಹೋದರೆ ಆರು ಕಿಲೋಮೀಟರು. ಊರು ಬೆಳೆದ ಚೆಂದ ಅದು.

"ಊರಿಗೆಲ್ಲ ರಸ್ತೆ ಬರೀತೀಯ, ನಂಗೊಂದು ಗಲ್ಲಿ ಬರೆಯೋಕಾಗಲ್ವೇನೋ?" ಎಂದು ಅಕ್ಕ ಗೋಡೆಯಾಚೆಯಿಂದ ಕಾಲೆಳೆಯುತ್ತಿದ್ದಳು.

ಅವನ ಕಚೇರಿಯಲ್ಲಿ ಇರುವ ರಸ್ತೆಗೆ ಗಟ್ಟಿ ಗೆರೆ, ಬರಲಿರುವ ರಸ್ತೆಗೆ ಚುಕ್ಕಿ ಗೆರೆ. ಗೋಡೆ ಒಡೆದು ಎರಡು ಬೀದಿ ಕೂಡಿಸುವ ಆದೇಶಕ್ಕೆ ಸಹಿ ಬಿದ್ದ ದಿನ ಅವನ ಕೈ ಸುಮ್ಮನಿರಲಿಲ್ಲ. ಇಂದಲ್ಲ ನಾಳೆ ಒಡೆಯುತ್ತಾರಲ್ಲ ಎಂದು ಚುಕ್ಕಿಗಳ ಮೇಲೆ ಇಂಕಿನಲ್ಲಿ ಗಟ್ಟಿಯಾಗಿ ಎಳೆದುಬಿಟ್ಟ. ಮರುವಾರವೇ ಹೊಸ ಬಡಾವಣೆಯವರು ತಡೆಯಾಜ್ಞೆ ತಂದರು. ಗೋಡೆ ಉಳಿಯಿತು, ಗೆರೆಯೂ ಉಳಿಯಿತು. ತಿದ್ದಿದರಾಯಿತು ಎಂದುಕೊಂಡವನು ಮರೆತ. ಆ ಹಾಳೆಯಿಂದಲೇ ಆಂಬುಲೆನ್ಸಿನವರ ಫೋನಿನ ನಕ್ಷೆ ತಯಾರಾಯಿತು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಎದೆ ಹಿಡಿದುಕೊಂಡು ಫೋನ್ ಮಾಡಿದಳು. ಅವನು ಅವಳ ವಿಳಾಸ ಹೇಳಿ ಆಂಬುಲೆನ್ಸ್ ಕರೆದ. ಮುಳ್ಳುತಂತಿಗೆ ಗೋಣಿಚೀಲ ಹಾಸಿ, ಗೋಡೆ ಹಾರಿ, ಅವಳ ಪಕ್ಕ ಕೂತ. ಸ್ವಲ್ಪ ಹೊತ್ತಿಗೆ ಸೈರನ್ ಕೇಳಿಸಿತು.

"ಬಂತಲ್ಲ," ಎಂದಳು ಅಕ್ಕ, ಸಮಾಧಾನದಿಂದ.

ಸದ್ದು ಬಂದದ್ದು ಅವನ ಮನೆಯ ಕಡೆಯಿಂದ. ಓಡಿಹೋಗಿ ಗೋಡೆಯ ಮೇಲಿಂದ ಇಣುಕಿದ. ಡ್ರೈವರ್ ಫೋನ್ ಎತ್ತಿ ತೋರಿಸಿದ.

"ಇಲ್ಲಿ ರಸ್ತೆ ಇದೆ ಅಂತಿದೆ ಸಾರ್. ಯಾವ ಪುಣ್ಯಾತ್ಮ ಬರೆದನೋ."

"ಸುತ್ತಿಕೊಂಡು ಬನ್ನಿ, ಬೇಗ," ಎಂದ. ಡ್ರೈವರಿನ ಜೊತೆಯವನು ಔಷಧಿಯ ಚೀಲ ಹೊತ್ತು ಗೋಡೆ ಹಾರಿ ಬಂದು ಕೈಲಾದಷ್ಟು ಮಾಡಿದ. ಗಾಡಿ ಸುತ್ತಿ ಬರಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು.

ಹದಿನೈದು ದಿನದ ಮೇಲೆ ಅವನು ಕಚೇರಿಗೆ ಬಂದವನೇ ಆ ಹಾಳೆ ಬಿಡಿಸಿ ಬ್ಲೇಡಿನಿಂದ ಗೆರೆ ಕೆರೆಯತೊಡಗಿದ. ಪಕ್ಕದ ಮೇಜಿನವನು ಎದ್ದು ಬಂದು ಭುಜದ ಮೇಲೆ ಕೈಯಿಟ್ಟ.

"ಇನ್ಯಾಕ್ರೀ ಅದು? ನಿಮ್ಮಕ್ಕನ ಸುದ್ದಿ ಕೇಳಿ ಹೊಸ ಬಡಾವಣೆಯೋರೇ ಕೇಸು ವಾಪಸ್ ತಗೊಂಡ್ರಂತೆ. ನಾಳೆ ಗೋಡೆ ಒಡೀತಾರೆ."

ಅವನು ತಲೆ ಎತ್ತಲಿಲ್ಲ.

"ಒಡೀಲಿ. ನಾಳಿದ್ದು ಎಳೀತೀನಿ."